ಅದು ಜಿರಳೆಯಲ್ಲ, ದಯವಿಟ್ಟು ಕಾಲು ಎಣಿಸಿ

ಸಂಪಾದಕರಿಗೆ,

ಮಾನ್ಯರೇ,

ಕಳೆದ ವಾರ ತಮ್ಮ ಪತ್ರಿಕೆಯ ಒಳಪುಟದಲ್ಲಿ ‘ಸಮುದ್ರದಾಳದ ರಾಕ್ಷಸ ಜಿರಳೆ’ ಎಂಬ ತಲೆಬರಹದಡಿ ಒಂದು ಚಿತ್ರ, ಅದರ ಕೆಳಗೆ ನಾಲ್ಕು ಸಾಲು ಬಂದಿತ್ತು. ಉದ್ದ ಎರಡೂವರೆ ಅಡಿ, ಎಲ್ಲ ಸಾಗರಗಳಲ್ಲೂ ಇದೆ, ನೋಡಿದರೆ ಎದೆ ಝಲ್ಲೆನ್ನುತ್ತದೆ ಎಂದು ಬರೆದಿತ್ತು. ಪ್ರಾಣಿಯ ಹೆಸರು, ಸಿಕ್ಕ ಜಾಗ, ಆಳ ಯಾವುದೂ ಇರಲಿಲ್ಲ. ನಾನು ಪದವಿಪೂರ್ವ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸಿ ನಿವೃತ್ತಳಾದವಳು, ಶಹಾಬಾದದಲ್ಲಿರುತ್ತೇನೆ. ನಮ್ಮ ಓಣಿಯ ಎಂಟನೇ ಕ್ಲಾಸಿನ ಹುಡುಗಿ ಆ ಪುಟ ಹಿಡಿದುಕೊಂಡು ಬಂದು, “ಟೀಚರ್ರಿ, ಜೊಂಡಿಗಕ್ಕ ಆರೇ ಕಾಲು ಅಂತ ನೀವೇ ಹೇಳಿದ್ರಿ. ಇದಕ್ಕ ಒಂದ್ ಕಡೀನೇ ಏಳು ಅದಾವಲ್ರಿ?” ಎಂದು ಕೇಳಿದಳು. ಅವಳು ಎಣಿಸಿದ್ದು ಸರಿ. ತಲೆಬರಹ ತಪ್ಪು.

ಚಿತ್ರದಲ್ಲಿರುವುದು ಬ್ಯಾಥಿನೋಮಸ್ ಎಂಬ ಕುಲದ ಪ್ರಾಣಿ. ಏಡಿ, ಸೀಗಡಿಗಳಿರುವ ಕ್ರಸ್ಟೇಶಿಯಾ ಗುಂಪಿನಲ್ಲಿ ಐಸೊಪೋಡ್ ಎಂಬ ಗಣಕ್ಕೆ ಸೇರಿದ್ದು. ಜಿರಳೆಗೆ ಒಂದು ಜೊತೆ ಮೀಸೆ, ಮೂರು ಜೊತೆ ಕಾಲು. ಇದಕ್ಕೆ ಎರಡು ಜೊತೆ ಮೀಸೆ, ಏಳು ಜೊತೆ ಕಾಲು. ತಲೆಯ ಹಿಂದೆ ಎದೆಭಾಗದಲ್ಲಿ ಏಳು ಬಿಡಿಬಿಡಿ ಖಂಡಗಳಿದ್ದು, ಒಂದೊಂದು ಖಂಡಕ್ಕೆ ಒಂದೊಂದು ಜೊತೆ ಕಾಲು. ಮುಂದಿನ ಮೂರು ಜೊತೆ ಆಹಾರವನ್ನು ಹಿಡಿದು ಬಾಯಿಯ ಕಡೆ ತರಲು, ಹಿಂದಿನ ನಾಲ್ಕು ಜೊತೆ ನಡೆಯಲು. ಬಾಯಿಯಲ್ಲಿ ಕತ್ತರಿಸಲು, ಹರಿಯಲು ನಾಲ್ಕು ಜೊತೆ ಅಂಗಗಳಿವೆ. ಕಣ್ಣುಗಳು ತಲೆಯ ಎರಡು ಅಂಚಿನಲ್ಲಿ ದೂರದೂರ ಕೂತಿವೆ, ಒಂದೊಂದರಲ್ಲೂ ಸುಮಾರು 4,000 ಸಣ್ಣ ಮುಖಗಳು. ಅವುಗಳ ಹಿಂದೆ ಬೆಳಕನ್ನು ವಾಪಸು ಎರಚುವ ಪದರವಿದೆ. ಕತ್ತಲಲ್ಲಿ ಬೆಕ್ಕಿನ ಕಣ್ಣು ಹೊಳೆಯುವುದೂ ಇಂಥದೇ ಪದರದಿಂದ. ಬಿಸಿಲು ಇಳಿಯದ ಜಾಗದಲ್ಲಿ ಸಿಕ್ಕಷ್ಟು ಬೆಳಕನ್ನು ಎರಡು ಸಲ ಬಳಸಿಕೊಳ್ಳುವ ಏರ್ಪಾಡು ಅದು.

ಉಸಿರಾಟದ ಅಂಗ ಇರುವುದು ಹೊಟ್ಟೆಯ ಕೆಳಗೆ. ಅಲ್ಲಿ ಐದು ಜೊತೆ ಚಪ್ಪಟೆ ಎಲೆಗಳಂಥ ಉಪಾಂಗಗಳಿವೆ. ಈಜುವುದೂ ಅವುಗಳಿಂದಲೇ, ನೀರಿನ ಆಮ್ಲಜನಕ ಹೀರುವುದೂ ಅವುಗಳಿಂದಲೇ. ದೇಹದ ಕೊನೆಯಲ್ಲಿ ಅಗಲವಾದ ಬಾಲಫಲಕ, ಅದರ ಅಂಚಿಗೆ ಸಾಲಾಗಿ ಮುಳ್ಳುಗಳು. ಪ್ರಭೇದ ಗುರುತಿಸುವಾಗ ತಜ್ಞರು ಮೊದಲು ನೋಡುವ ಗುರುತುಗಳಲ್ಲಿ ಈ ಮುಳ್ಳುಗಳ ಸಂಖ್ಯೆಯೂ ಒಂದು. ಈ ಕುಲದ ಬ್ಯಾಥಿನೋಮಸ್ ಜೈಗ್ಯಾಂಟಿಯಸ್ ಎಂಬ ಪ್ರಭೇದಕ್ಕೆ ಅವು 11 ಅಥವಾ 13. ತಾವು ಅಚ್ಚು ಹಾಕಿದ ಚಿತ್ರದಲ್ಲಿ ಬಾಲದ ತುದಿಯನ್ನೇ ಕತ್ತರಿಸಿದ್ದಾರೆ. ಪುಟದಲ್ಲಿ ಜಾಗ ಕಡಿಮೆಯಿದ್ದಿರಬಹುದು, ಆದರೆ ಇಂಥ ಪ್ರಾಣಿಯ ಚಿತ್ರದಲ್ಲಿ ಬಾಲ ಹೋದರೆ ಗುರುತೇ ಹೋಯಿತು.

ಎರಡೂವರೆ ಅಡಿ ಎಂಬ ಮಾತನ್ನೂ ತಿದ್ದಬೇಕು. ಜೈಗ್ಯಾಂಟಿಯಸ್ ಸಾಮಾನ್ಯವಾಗಿ 19ರಿಂದ 36 ಸೆಂಟಿಮೀಟರ್. ನಂಬಬಹುದಾದ ಗರಿಷ್ಠ ಅಳತೆ ಸುಮಾರು 50 ಸೆಂಟಿಮೀಟರ್. ಅದಕ್ಕಿಂತ ದೊಡ್ಡ ಲೆಕ್ಕಗಳು ಮೊಬೈಲಿನಿಂದ ಮೊಬೈಲಿಗೆ ಹೋಗುತ್ತಾ ಬೆಳೆದವು. ಐಸೊಪೋಡ್‌ಗಳಲ್ಲಿ ಬಹುಪಾಲು ಒಂದೆರಡು ಸೆಂಟಿಮೀಟರನ್ನೂ ದಾಟುವುದಿಲ್ಲ. ಹಾಗಿರುವಾಗ ಮೊಳದುದ್ದದ ಐಸೊಪೋಡ್ ಎಂಬುದೇ ದೊಡ್ಡ ಸೋಜಿಗ, ಅದಕ್ಕೆ ಉಪ್ಪುಖಾರ ಹಚ್ಚುವುದು ಬೇಕಿಲ್ಲ.

ಇನ್ನು ‘ಎಲ್ಲ ಸಾಗರಗಳಲ್ಲೂ’ ಎಂಬ ಮಾತು. ನನಗೆ ಹೆಚ್ಚು ಬೇಸರವಾದದ್ದು ಇದರಿಂದ. ಈ ಪ್ರಾಣಿಯ ದೇಹರಚನೆಗೂ ಅದು ಎಲ್ಲೆಲ್ಲಿದೆ ಎಂಬುದಕ್ಕೂ ನೇರ ಸಂಬಂಧವಿದೆ. ಹೆಣ್ಣಿನ ಎದೆಯಡಿ ತೆಳು ಫಲಕಗಳು ಒಂದರ ಮೇಲೊಂದು ಮುಚ್ಚಿ ಚೀಲವಾಗುತ್ತವೆ, ಮೊಟ್ಟೆಗಳು ಅದರೊಳಗೇ ಬಲಿಯುತ್ತವೆ. ಒಂದೊಂದು ಮೊಟ್ಟೆ ನಮ್ಮ ತೊಗರಿ ಕಾಳಿನ ಎರಡರಷ್ಟು, ಅಂದರೆ ಒಂದು ಸೆಂಟಿಮೀಟರಿಗೂ ಮಿಕ್ಕಿ. ಕಡಲಿನ ಏಡಿ, ಸೀಗಡಿಗಳ ಮರಿಗಳು ಕಣ್ಣಿಗೆ ಕಾಣದಷ್ಟು ಸಣ್ಣವಾಗಿ ನೀರಿಗೆ ಬಿದ್ದು, ಪ್ರವಾಹ ಒಯ್ದತ್ತ ಹೋಗಿ ನೂರಾರು ಕಿಲೋಮೀಟರ್ ಆಚೆ ನೆಲೆಯೂರಬಲ್ಲವು. ಐಸೊಪೋಡಿಗೆ ಆ ತೇಲುವ ಹಂತವೇ ಇಲ್ಲ. ಚೀಲದಿಂದ ಹೊರಬರುವ ಮರಿ ಆಗಲೇ ತಾಯಿಯ ಪಡಿಯಚ್ಚು, ಕೊನೆಯ ಜೊತೆ ಕಾಲು ಮಾತ್ರ ಇನ್ನೂ ಬಂದಿರುವುದಿಲ್ಲ. ಅದು ತಾಯಿ ಇದ್ದ ಕೆಸರಿನಲ್ಲೇ ಬಾಳು ಶುರು ಮಾಡುತ್ತದೆ. ಹೀಗೆ ದೂರ ಹರಡಲಾಗದ ಜೀವಿ ಒಂದೊಂದು ಸಮುದ್ರದಲ್ಲಿ ಬೇರೆಯಾಗಿ ಉಳಿದು, ಬೇರೆ ಬೇರೆ ಪ್ರಭೇದವಾಗುವುದು ಸಹಜ.

ನೆಲೆಗಳ ಪಟ್ಟಿ ನೋಡಿದರೂ ಅದೇ ಕಾಣುತ್ತದೆ. ಜೈಗ್ಯಾಂಟಿಯಸ್‌ನ ಮನೆ ಪಶ್ಚಿಮ ಅಟ್ಲಾಂಟಿಕ್: ಮೆಕ್ಸಿಕೊ ಕೊಲ್ಲಿ, ಕೆರಿಬಿಯನ್, ದಕ್ಷಿಣಕ್ಕೆ ಬ್ರೆಜಿಲ್‌ವರೆಗೆ. 170 ಮೀಟರಿನಿಂದ 2,140 ಮೀಟರ್ ಆಳದವರೆಗೆ ಸಿಕ್ಕಿದ್ದರೂ ಹೆಚ್ಚಾಗಿ ಕಾಣುವುದು 365ರಿಂದ 730 ಮೀಟರಿನಲ್ಲಿ. ಇದೇ ಕುಲದ ಇನ್ನಷ್ಟು ಪ್ರಭೇದಗಳು ಹಿಂದೂ ಮಹಾಸಾಗರದಲ್ಲೂ ಪಶ್ಚಿಮ ಪೆಸಿಫಿಕ್‌ನಲ್ಲೂ ಇವೆ. ಪೂರ್ವ ಅಟ್ಲಾಂಟಿಕ್‌ನಲ್ಲಿ ಒಂದೂ ಸಿಕ್ಕಿಲ್ಲ, ಪೂರ್ವ ಪೆಸಿಫಿಕ್‌ನಲ್ಲೂ ಇಲ್ಲ.

ಈ ತಿಳಿವಳಿಕೆ ಸುಮ್ಮನೆ ಬಂದದ್ದಲ್ಲ. 1878ರಲ್ಲಿ ಅಲೆಕ್ಸಾಂಡರ್ ಅಗಾಸಿಯ ತಂಡ ‘ಬ್ಲೇಕ್’ ಹಡಗಿನಿಂದ ಮೆಕ್ಸಿಕೊ ಕೊಲ್ಲಿಯ ತಳ ಕೆರೆದಾಗ ಒಂದು ಎಳೆಯ ಗಂಡು ಸಿಕ್ಕಿತು. ಪ್ಯಾರಿಸ್ಸಿನ ಆಲ್ಫೋನ್ಸ್ ಮಿಲ್ನ್-ಎಡ್ವರ್ಡ್ಸ್ 1879ರಲ್ಲಿ ಅದಕ್ಕೆ ಹೆಸರಿಟ್ಟರು. ಆ ಶತಮಾನ ಮುಗಿಯುವ ಮೊದಲೇ ನಮ್ಮ ಕಡೆಯ ‘ಇನ್ವೆಸ್ಟಿಗೇಟರ್’ ಎಂಬ ಸರ್ವೇ ಹಡಗಿನ ಬಲೆಗೂ ಇಂಥ ದೊಡ್ಡ ಐಸೊಪೋಡ್ ಬಂತು. ಹಡಗಿನ ವೈದ್ಯ ಆಲ್ಕಾಕ್ ಮತ್ತು ಕೋಲ್ಕತ್ತದ ಇಂಡಿಯನ್ ಮ್ಯೂಸಿಯಂನ ವುಡ್-ಮೇಸನ್ ಅದನ್ನೂ ಜೈಗ್ಯಾಂಟಿಯಸ್ ಎಂದೇ ಬರೆದರು. ಆಗ ಗೊತ್ತಿದ್ದದ್ದು ಆ ಒಂದೇ ಹೆಸರು. 2006ರಲ್ಲಿ ಆಸ್ಟ್ರೇಲಿಯಾದ ಲೋರಿ ಮತ್ತು ಡೆಂಪ್ಸಿ ಮ್ಯೂಸಿಯಂ ಬಾಟಲಿಗಳಲ್ಲಿದ್ದ ಮಾದರಿಗಳನ್ನು ಮತ್ತೆ ನೋಡಿ, ನಮ್ಮ ಕಡೆಯ ಸಮುದ್ರದ ಪ್ರಾಣಿ ಬೇರೆ ಎಂದು ಕೀಬ್ಲೈ ಎಂಬ ಹೊಸ ಪ್ರಭೇದವನ್ನು ಹೆಸರಿಸಿದರು. 2018ರಲ್ಲಿ ಜಾವಾದ ದಕ್ಷಿಣಕ್ಕೆ ಸುಮಾರು ಸಾವಿರ ಮೀಟರ್ ಆಳದಲ್ಲಿ ಒಂದು ಗಂಡು, ಒಂದು ಹೆಣ್ಣು ಸಿಕ್ಕವು. ಗಂಡಿನ ಉದ್ದ 36.3 ಸೆಂಟಿಮೀಟರ್. 2020ರಲ್ಲಿ ರಾಕ್ಸಸಾ ಎಂಬ ಪ್ರಭೇದವನ್ನು ವಿವರಿಸಿದ್ದು ಇವೆರಡರ ಆಧಾರದ ಮೇಲೆ. 2017ರಲ್ಲಿ ಮೆಕ್ಸಿಕೊದ ಯುಕಟಾನ್ ಬಳಿ ಹಿಡಿದ ಒಂದು ಐಸೊಪೋಡನ್ನು ಎಲ್ಲರೂ ಜೈಗ್ಯಾಂಟಿಯಸ್ ಎಂದೇ ತಿಳಿದಿದ್ದರು. ಬಾಲದ ಮುಳ್ಳೂ 11 ಇದ್ದವು. ಆದರೆ ಮೈ ಕೊಂಚ ಸಪೂರ, ಮೀಸೆ ಉದ್ದ, ಬಣ್ಣದಲ್ಲಿ ಹಳದಿ ಛಾಯೆ. ಡಿಎನ್‌ಎ ಪರೀಕ್ಷೆ ಸೇರಿಸಿ ನೋಡಿ 2022ರಲ್ಲಿ ಅದಕ್ಕೂ ಬೇರೆ ಹೆಸರು ಕೊಟ್ಟರು. ಒಂದೇ ಕೊಲ್ಲಿಯ ಎರಡು ಪ್ರಾಣಿಗಳನ್ನು ಬೇರ್ಪಡಿಸಲು ತಜ್ಞರು ಇಷ್ಟು ಕಷ್ಟಪಡುವಾಗ, ನಾವು ‘ಎಲ್ಲ ಸಾಗರ’ ಎಂದು ಒಂದೇ ಪದದಲ್ಲಿ ಮುಗಿಸಿಬಿಡುವುದು ನ್ಯಾಯವೇ?

ಭಯದ ವಿಷಯಕ್ಕೆ ಬಂದರೆ, ಇದು ಮುಖ್ಯವಾಗಿ ಸತ್ತ ಪ್ರಾಣಿಗಳನ್ನು ತಿಂದು ಬದುಕುತ್ತದೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ವಿಜ್ಞಾನಿಗಳು ಸತ್ತ ಮೊಸಳೆ ಜಾತಿಯ ಆಲಿಗೇಟರ್‌ಗಳನ್ನು ಮೆಕ್ಸಿಕೊ ಕೊಲ್ಲಿಯಲ್ಲಿ ಸುಮಾರು 2,000 ಮೀಟರ್ ಕೆಳಗಿಳಿಸಿದಾಗ, ಒಂದು ದಿನದೊಳಗೇ ಈ ಐಸೊಪೋಡ್‌ಗಳು ಬಂದು ಆ ದಪ್ಪ ಚರ್ಮ ಕೊರೆದು ಒಳಹೊಕ್ಕಿದ್ದವು. ಜಪಾನಿನ ಟೋಬಾ ಅಕ್ವೇರಿಯಂನಲ್ಲಿ ಒಂದು ಐಸೊಪೋಡ್ 2009ರ ಜನವರಿಯಿಂದ 2014ರ ಫೆಬ್ರುವರಿಯಲ್ಲಿ ಸಾಯುವವರೆಗೆ ಏನೂ ತಿನ್ನದೆ ಐದು ವರ್ಷ ಇತ್ತು. ಊಟ ಯಾವಾಗ ಬೀಳುತ್ತದೋ ಗೊತ್ತಿಲ್ಲದ ಕಡೆ ಬದುಕುವ ಜೀವ, ಸಿಕ್ಕಾಗ ಹೊಟ್ಟೆ ಬಿರಿಯುವಷ್ಟು ತಿಂದು ಉಳಿದ ಕಾಲ ಸುಮ್ಮನಿರುತ್ತದೆ. ಇದರಲ್ಲಿ ರಾಕ್ಷಸತನ ಎಲ್ಲಿದೆ?

ಕಡಲಿನಿಂದ ಇಷ್ಟು ದೂರದ ಕಲಬುರಗಿ ಜಿಲ್ಲೆಯವರಿಗೆ ಇದೆಲ್ಲ ಏಕೆ ಎಂದು ಕೇಳಬಹುದು. ನೆಲಕ್ಕೆ ಹಾಸುವ ನಮ್ಮ ಖಣಿಗಳ ಪರ್ಸಿ ಕಲ್ಲೇ ಸಮುದ್ರದ ತಳದಲ್ಲಿ ಪದರಪದರವಾಗಿ ಕೂತ ಸುಣ್ಣದ ಕೆಸರು. ಏಡಿ, ಸೀಗಡಿಗಳ ಮೂಲವಂಶ ಇನ್ನೂ ಹುಟ್ಟಿರದ ಕಾಲದ ಸಮುದ್ರ ಅದು. ಅದೇ ಪರ್ಸಿಯನ್ನು ಇಂದು ಬಚ್ಚಲ ಹಿಂದಿನ ತೇವದಲ್ಲಿ ಎತ್ತಿ ನೋಡಿದರೆ, ಮುಟ್ಟಿದ ಕೂಡಲೇ ಗುಂಡಗೆ ಸುತ್ತಿಕೊಳ್ಳುವ ಬೂದುಬಣ್ಣದ ಸಣ್ಣ ಹುಳ ಸಿಗುತ್ತದೆ. ಒಂದೊಂದು ಖಂಡಕ್ಕೂ ಎರಡೆರಡು ಜೊತೆ ಕಾಲಿದ್ದರೆ ಅದು ಸಹಸ್ರಪದಿಯ ಬಳಗ. ಒಟ್ಟು ಏಳೇ ಜೊತೆ ಇದ್ದರೆ ಅದು ನೆಲಕ್ಕೆ ಬಂದ ಐಸೊಪೋಡ್, ಬ್ಯಾಥಿನೋಮಸ್‌ನ ದಾಯಾದಿ. ಹೊಟ್ಟೆಯಡಿ ಅದೇ ಉಸಿರಾಟದ ಎಲೆಗಳು, ಹೆಣ್ಣಿಗೆ ಅದೇ ಮೊಟ್ಟೆಚೀಲ. ಒಂದು ಭೂತಗನ್ನಡಿ ಇದ್ದರೆ ಯಾವ ಸರ್ಕಾರಿ ಶಾಲೆಯ ಅಂಗಳದಲ್ಲೂ ಈ ಪಾಠ ಮಾಡಬಹುದು. ಮತ್ಸ್ಯ 6000 ಎಂಬ ನೌಕೆಯಲ್ಲಿ ಮೂವರನ್ನು ಆರು ಸಾವಿರ ಮೀಟರ್ ಆಳಕ್ಕೆ ಇಳಿಸಲು ನಮ್ಮ ದೇಶ ಸಿದ್ಧತೆ ನಡೆಸಿದೆ. ಅದರಲ್ಲಿ ಮುಂದೊಮ್ಮೆ ಇಳಿಯುವವರು ಸೇಡಂ, ಚಿತ್ತಾಪುರ, ಯಾದಗಿರಿಯ ಮಕ್ಕಳೂ ಆಗಬಾರದೇಕೆ?

ಆದ್ದರಿಂದ ತಮ್ಮಲ್ಲಿ ನನ್ನ ಕೋರಿಕೆ ಇಷ್ಟು. ಆ ಸುದ್ದಿಗೆ ತಿದ್ದುಪಡಿ ಹಾಕಿ. ಇನ್ನು ಮುಂದೆ ಅಪರೂಪದ ಜೀವಿಯ ಚಿತ್ರ ಹಾಕುವಾಗ ಅದರ ಹೆಸರು, ಸಿಕ್ಕ ಸಮುದ್ರ, ಆಳ ಈ ಮೂರನ್ನು ತಪ್ಪದೆ ಕೊಡಿ, ಚಿತ್ರವನ್ನು ಪೂರ್ತಿ ಹಾಕಿ. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದವರು ಮನಸ್ಸು ಮಾಡಿ ಬ್ಯಾಥಿನೋಮಸ್‌ನ ಒಂದು ಮಾದರಿಯನ್ನೂ ಪಕ್ಕದಲ್ಲಿ ನಮ್ಮ ಪರ್ಸಿಯಡಿಯ ಹುಳದ ದೊಡ್ಡ ಚಿತ್ರವನ್ನೂ ಇಟ್ಟರೆ ಇನ್ನೂ ಸಂತೋಷ. ಮಕ್ಕಳ ಪುಟಕ್ಕೆ ರೇಖಾಚಿತ್ರ ಬೇಕಿದ್ದರೆ, ಭಾಗಗಳನ್ನೆಲ್ಲ ಕನ್ನಡದಲ್ಲಿ ಗುರುತಿಸಿ ನಾನೇ ಬರೆದು ಕಳಿಸುತ್ತೇನೆ.

ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕಿ
ಶಹಾಬಾದ, ಕಲಬುರಗಿ ಜಿಲ್ಲೆ