ವೆಲ್ಡಿಂಗ್ ಅಂಗಡಿಯ ಅಣ್ಣನಿಗೆ ಥ್ಯಾಂಕ್ಸ್

ಮೈಸೂರಿನ ನಮ್ಮ ತಾರಸಿ ಮೇಲಿನ ಎಂಟು ಅಡಿ ಡಿಶ್‌ಗೆ ಅದನ್ನು ಒಂದು ಉಪಗ್ರಹದಿಂದ ಇನ್ನೊಂದಕ್ಕೆ ತಿರುಗಿಸುವ 36 ವೋಲ್ಟ್ ಮೋಟಾರ್ ಆರ್ಮ್ ಹಾಕಿದ್ದೆ. ಶನಿವಾರ ಸಂಜೆ ಗಾಳಿ ಜೋರಾಗಿ ಮೌಂಟಿನ ಬೆಸುಗೆ ಬಿಟ್ಟಿತು. ಮಗ ಡಿಶ್ ಹಿಡಿದುಕೊಂಡ. ನಾನು ಬೀದಿ ಕೊನೆಯ ಅಂಗಡಿಗೆ ಓಡಿದೆ. ಅರ್ಧ ಎಳೆದಿದ್ದ ಶಟರ್ ಎತ್ತಿ, ಮಿಷನ್ ಹೊತ್ತು ನೀವು ಬಂದಿರಿ.

ಬೆಸುಗೆ ಹಾಕಿ ಸುಮ್ನೆ ಹೋಗಬಹುದಿತ್ತು, ಅಲ್ವಾ? ಚೀಲದಿಂದ ರಸಮಟ್ಟ ತೆಗೆದು ಕಂಬಕ್ಕೆ ಎರಡೂ ಕಡೆ ಹಿಡಿದಿರಿ. ‘ಸಾರ್, ಕಂಬಾನೇ ವಾಲಿದೆ’ ಎಂದು ಬುಡದ ಪ್ಲೇಟಿಗೆ ವಾಷರ್ ಕೊಟ್ಟಿರಿ. ಕಂಬ ವಾಲಿದರೆ ಡಿಶ್ ತಿರುಗುವ ಕಮಾನು ಉಪಗ್ರಹಗಳ ಸಾಲಿಗೆ ಕೂಡುವುದಿಲ್ಲ. ಈಗ 68.5 ಡಿಗ್ರಿ ಪೂರ್ವ ರೇಖಾಂಶದ ಉಪಗ್ರಹದಿಂದ 105.5 ಡಿಗ್ರಿಯ ಉಪಗ್ರಹದವರೆಗೂ ಸಿಗ್ನಲ್ ಸಿಗುತ್ತಿದೆ. ಅಬ್ಬಾ, ನಿರಾಳ!

ತಗೊಂಡಿದ್ದು ರಾಡಿನ ದುಡ್ಡು ಮಾತ್ರ. ನೀವು ಹೇಳಿದಂತೆ ಬೋಲ್ಟುಗಳಿಗೆ ಗ್ರೀಸ್ ಹಚ್ಚಿದ್ದೇನೆ ಅಣ್ಣ.