ಸೌರವ್ಯೂಹದ ಪಾಠ ಜನವರಿಗೆ ಬರಲಿ

ಮಾನ್ಯ ಸಂಪಾದಕರೇ,

ಕಳೆದ ವಾರ ರಾತ್ರಿ ಎಂಟು ಗಂಟೆಗೆ ಮಗಳು ಹೇಳಿದಳು, 'ಅಪ್ಪಾ, ನಾಳೆ ಸೌರವ್ಯೂಹದ ಮಾಡೆಲ್ ತಗೊಂಡು ಹೋಗ್ಬೇಕು.' ಅವಳು ಏಳನೇ ತರಗತಿ. ಪೇಟೆಯಲ್ಲಿ ಅಂಗಡಿ ಬಾಗಿಲು ಹಾಕುವ ಹೊತ್ತು. ಆ ಮಳೆಯಲ್ಲೇ ಹೋಗಿ ಥರ್ಮೊಕೋಲ್ ಉಂಡೆಗಳ ಪ್ಯಾಕೆಟ್ ತಂದೆ. ಬಣ್ಣ ಬಳಿದದ್ದು ನಾನು, ತಂತಿ ಬಗ್ಗಿಸಿದ್ದು ಅವಳಮ್ಮ. ಮಗಳಿಗೆ ಅಷ್ಟರಲ್ಲಿ ನಿದ್ದೆ. ಹತ್ತಕ್ಕೆ ಒಂಬತ್ತು ಮಾರ್ಕ್ ಬಂತು. ಬಸ್ಸಿನಲ್ಲಿ ಶನಿಯ ಬಳೆ ಉದುರಿದ್ದಕ್ಕೆ ಒಂದು ಹೋಯಿತಂತೆ.

ಆ ಮಾಡೆಲಿನಲ್ಲಿ ಸೂರ್ಯ ಟೆನಿಸ್ ಚೆಂಡಿನಷ್ಟಿತ್ತು, ಭೂಮಿ ನೆಲ್ಲಿಕಾಯಿಯಷ್ಟು. ನಡುವೆ ಎರಡು ಇಂಚು. ಪುಸ್ತಕದ ಚಿತ್ರವೂ ಹೆಚ್ಚುಕಡಿಮೆ ಹಾಗೇ ಇದೆ. ಪುಟದಲ್ಲಿ ಜಾಗ ಇಲ್ಲ, ಅವರೇನು ಮಾಡುತ್ತಾರೆ? ಆದರೆ ಮಕ್ಕಳ ತಲೆಯಲ್ಲಿ ಉಳಿಯುವುದು ಅದೇ ಚಿತ್ರ ಅಲ್ವಾ?

ಭಾನುವಾರ ಸುಮ್ನೆ ಲೆಕ್ಕ ಹಾಕಿ ನೋಡಿದೆವು. ಭೂಮಿಗೆ ಒಂದು ಕರಿಮೆಣಸಿನ ಕಾಳು, ಐದು ಮಿಲಿಮೀಟರ್ ಎಂದಿಟ್ಟುಕೊಳ್ಳಿ. ಸೂರ್ಯನ ಅಡ್ಡಗಲ ಭೂಮಿಯ 109 ಪಟ್ಟು. ಅಂದರೆ 54 ಸೆಂಟಿಮೀಟರ್, ಒಂದು ದೊಡ್ಡ ಮೊರದಷ್ಟು. ಮೊರವನ್ನು ಜಗಲಿಯ ಗೋಡೆಗೆ ಒರಗಿಸಿದರೆ ಕಾಳನ್ನು ಇಡಬೇಕಾದದ್ದು 59 ಮೀಟರ್ ದೂರದಲ್ಲಿ, ನಮ್ಮ ಗೇಟಿನ ಹತ್ತಿರ. ಚಂದ್ರ ಒಂದು ಸಾಸಿವೆ. ಮೆಣಸಿನಿಂದ ಒಂದು ಗೇಣಿಗಿಂತ ಕಡಿಮೆ ದೂರ. ಮನುಷ್ಯ ಇಲ್ಲಿಯವರೆಗೆ ಕಾಲಿಟ್ಟಿರುವುದು ಆ ಗೇಣಿನೊಳಗೇ. ಗುರು ಒಂದು ಸಣ್ಣ ಕಿತ್ತಳೆ, ಮೊರದಿಂದ 300 ಮೀಟರ್ ಆಚೆ. ಶನಿ ನಿಂಬೆಹಣ್ಣು, 560 ಮೀಟರ್. ನೆಪ್ಚೂನ್ ಒಂದು ದಪ್ಪ ಗೋಲಿ, ಒಂದೂಮುಕ್ಕಾಲು ಕಿಲೋಮೀಟರ್ ದೂರ. ನಾವು ಕೊಡೆ ಹಿಡಿದು ಶನಿಯ ತನಕ ನಡೆದೆವು. ಮುಂದೆ ಹೋಗಲು ಜಿಗಣೆ ಬಿಡಲಿಲ್ಲ. ಖರ್ಚು ಸೊನ್ನೆ. ಗೇಟಿನಿಂದ ತಿರುಗಿ ಮೊರವನ್ನು ನೋಡಿ ಮಗಳು, 'ಇಷ್ಟು ದೂರನಾ!' ಎಂದಳು. ಥರ್ಮೊಕೋಲ್ ನೋಡಿ ಅವಳು ಹಾಗೆ ಹೇಳಿರಲಿಲ್ಲ.

ದಾರಿಯಲ್ಲಿ ಇನ್ನೊಂದು ಪ್ರಶ್ನೆ ಕೇಳಿದೆ. ಭೂಮಿ ಸೂರ್ಯನಿಗೆ ಅತಿ ಹತ್ತಿರ ಬರುವುದು ಯಾವಾಗ? 'ಏಪ್ರಿಲ್‌ನಲ್ಲಿ, ಸೆಕೆ ಇರುತ್ತಲ್ಲ' ಎಂದಳು. ನಿಜಕ್ಕೂ ಅದು ಜನವರಿ ಮೊದಲ ವಾರ, ನಾವೆಲ್ಲ ಕಂಬಳಿ ಹೊದ್ದು ಬೆಂಕಿ ಕಾಯಿಸುವ ಹೊತ್ತು. ಆಗ ದೂರ 14.7 ಕೋಟಿ ಕಿಲೋಮೀಟರ್. ಈಗ ಜುಲೈಯಲ್ಲಿ 15.2 ಕೋಟಿ. ಚಳಿ, ಸೆಕೆಗೆ ಕಾರಣ ದೂರವಲ್ಲ, ಭೂಮಿಯ ಅಕ್ಷದ 23.5 ಡಿಗ್ರಿ ಓರೆ. ಇದು ಅವಳ ನೋಟ್ಸಿನಲ್ಲಿ ಇದೆ. ಬಾಯಿಪಾಠವೂ ಆಗಿದೆ. ತಲೆಗೆ ಮಾತ್ರ ಹೋಗಿಲ್ಲ.

ಅವಳ ಶಾಲೆಯಲ್ಲಿ ಈ ಪಾಠ ಮಾಡಿದ್ದು ಜುಲೈಯಲ್ಲಿ. ಕೊಡಗಿನ ಜುಲೈ! ಸೂರ್ಯನ ಮುಖ ನೋಡಿಯೇ ವಾರವಾಯಿತು, ಇನ್ನು ನಕ್ಷತ್ರ ಎಲ್ಲಿ? ಡಿಸೆಂಬರ್‌ನಿಂದ ಫೆಬ್ರವರಿ ತನಕ ನಮ್ಮ ಆಕಾಶ ಕನ್ನಡಿಯಂತೆ ಇರುತ್ತದೆ. ಬೆಂಗಳೂರಿನಂತೆ ದೀಪಗಳ ಕಾಟವೂ ಇಲ್ಲ. 2019ರ ಡಿಸೆಂಬರ್ 26ರ ಕಂಕಣ ಗ್ರಹಣ ನೋಡಲು ಹೊರಗಿನವರು ಕುಟ್ಟದ ತನಕ ಬಂದಿದ್ದರು. ನಮ್ಮ ಮಕ್ಕಳಲ್ಲಿ ಎಷ್ಟೋ ಜನ ಆ ಹೊತ್ತು ಬಾಗಿಲು ಹಾಕಿದ ಮನೆಯೊಳಗಿದ್ದರು.

ನಮ್ಮಲ್ಲಿ ಆಕಾಶದ ನಂಟು ಇಲ್ಲವೆಂದೇನಲ್ಲ. ನಮ್ಮ ಸುಗ್ಗಿ ಹಬ್ಬ ಹುತ್ತರಿಗೆ ಭತ್ತದ ಕದಿರು ತೆಗೆಯುವ ಹೊತ್ತನ್ನು ರೋಹಿಣಿ ನಕ್ಷತ್ರ ನೋಡಿಯೇ ಗೊತ್ತು ಮಾಡುತ್ತಾರೆ. ಪಾಡಿ ಇಗ್ಗುತಪ್ಪ ದೇವಸ್ಥಾನದಲ್ಲಿ ನಿಶ್ಚಯವಾದ ಗಂಟೆ ನಿಮಿಷ ನಿಮ್ಮ ಪತ್ರಿಕೆಯಲ್ಲೂ ಬರುತ್ತದೆ. ರೋಹಿಣಿ ಎಂಬ ಹೆಸರು ಪ್ರತಿ ಮಗುವಿಗೂ ಗೊತ್ತು. ಅದು ಆಕಾಶದಲ್ಲಿ ಎಲ್ಲಿದೆ ಎಂದು ತೋರಿಸಿದವರು ಯಾರು? ನನಗಂತೂ ಯಾರೂ ತೋರಿಸಿರಲಿಲ್ಲ. ಮೂವತ್ತು ದಾಟಿದ ಮೇಲೆ ನೋಡಿದೆ. ಕೃತ್ತಿಕೆಯ ಗೊಂಚಲಿನ ಹತ್ತಿರ, ಸ್ವಲ್ಪ ಕೆಂಪಗಿರುವ ಚುಕ್ಕಿ. ಅದರ ಬೆಳಕು ನಮ್ಮನ್ನು ತಲುಪಲು ಸುಮಾರು 65 ವರ್ಷ ಬೇಕು. ನಮ್ಮಮ್ಮ ಲಂಗ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದಾಗ ಹೊರಟ ಬೆಳಕು ಈಗ ಬರುತ್ತಿದೆ.

ನಾನು ಕೇಳುವುದು ಜಾಸ್ತಿ ಏನಲ್ಲ. ಜಿಲ್ಲೆಯ ಮಾಧ್ಯಮಿಕ ತರಗತಿಗಳಲ್ಲಿ ಈ ಪಾಠವನ್ನು ಹುತ್ತರಿ ಮುಗಿದ ಮೇಲೆ, ಜನವರಿಯಲ್ಲಿ ಇಟ್ಟುಕೊಳ್ಳಲಿ. ಒಂದು ಸಂಜೆ ಹೊರಗೆ ನಡೆಯಲಿ. ದೂರದರ್ಶಕ ಇಲ್ಲ ಎಂಬ ನೆಪ ಬೇಡ. ಸೇನೆಯಿಂದ ನಿವೃತ್ತರಾದವರ ಮನೆಗಳಲ್ಲಿ ಹುಡುಕಿದರೆ ಬೈನಾಕ್ಯುಲರ್ ಸಿಕ್ಕೀತು. ಗುರು ಕಾಣುವ ದಿನಗಳಲ್ಲಿ ಅದನ್ನು ಅಲುಗಾಡದಂತೆ ಹಿಡಿದರೆ, 1610ರಲ್ಲಿ ಗೆಲಿಲಿಯೋ ಕಂಡ ನಾಲ್ಕು ಚಂದ್ರರು ಕಾಣುತ್ತಾರೆ.

ಆನೆ ಭಯ ನಿಜವಾದದ್ದು. ರಾತ್ರಿ ಮಕ್ಕಳನ್ನು ತೋಟದ ದಾರಿಯಲ್ಲಿ ಕಳಿಸಿ ಎಂದು ನಾನೂ ಹೇಳುವುದಿಲ್ಲ. ಆದರೆ ಜನವರಿಯಲ್ಲಿ ಏಳು ಗಂಟೆಗೆಲ್ಲ ರೋಹಿಣಿ ಪೂರ್ವದಲ್ಲಿ ಎತ್ತರಕ್ಕೆ ಬಂದಿರುತ್ತದೆ. ಎಂಟಕ್ಕೆ ಮುಗಿಸಿ, ಜೀಪಿನಲ್ಲಿ ಎಲ್ಲರನ್ನೂ ಮನೆ ಬಾಗಿಲಿಗೇ ಬಿಡಬಹುದು. ತೋಟದ ಕಾರ್ಮಿಕರ ಲೈನ್ ಮನೆಗಳ ಮಕ್ಕಳನ್ನೂ ಸೇರಿಸಿ.

ಜಾಗಕ್ಕೆ ಬೇಕಾದರೆ ನಮ್ಮ ಕಣ ಇದೆ. ಸಂಜೆ ಕಾಫಿ ರಾಶಿ ಹಾಕಿ ಟಾರ್ಪಾಲ್ ಮುಚ್ಚಿದರೆ ಅರ್ಧ ಕಣ ಖಾಲಿ. ಸಿಮೆಂಟ್ ನೆಲ, ಬಿಸಿಲಿನ ಕಾವು ಇನ್ನೂ ಇರುತ್ತದೆ, ಅಂಗಾತ ಮಲಗಿ ನೋಡಬಹುದು. ಶಿಕ್ಷಕರು ಎರಡು ದಿನ ಮೊದಲು ಹೇಳಿದರೆ ಸಾಕು, ಕಣದ ದೀಪ ಆರಿಸಿಡುತ್ತೇನೆ.

ಒಬ್ಬ ಬೆಳೆಗಾರ,
ಪೊನ್ನಂಪೇಟೆ ತಾಲ್ಲೂಕು, ಕೊಡಗು