ಕರಿದ ಎಣ್ಣೆಗೆ ಒಂದು ಡ್ರಮ್ ಇಡಿ: ಕಲಬುರಗಿ ಪಾಲಿಕೆ ಆಯುಕ್ತರಿಗೆ ಬಹಿರಂಗ ಪತ್ರ

ಮಾನ್ಯ ಆಯುಕ್ತರೇ, ನಮಸ್ಕಾರ.

ನಾನು ಈ ಊರಲ್ಲಿ ಡೀಸೆಲ್ ಗಾಡಿ ರಿಪೇರಿ ಮಾಡುವವನು. ಹೋದ ಡಿಸೆಂಬರ್‌ನಲ್ಲಿ ಒಂದು ಬೆಳಗ್ಗೆ ಹುಡುಗನೊಬ್ಬ ತನ್ನ ಗೂಡ್ಸ್ ಗಾಡಿ ಎಳೆಸಿಕೊಂಡು ಬಂದ. ಎಷ್ಟು ಸೆಲ್ಫ್ ಹೊಡೆದರೂ ಸ್ಟಾರ್ಟ್ ಆಗುತ್ತಿರಲಿಲ್ಲ. ಫಿಲ್ಟರ್ ಬಿಚ್ಚಿದೆ. ಒಳಗೆ ತುಪ್ಪ ಹೆಪ್ಪುಗಟ್ಟಿದ ಹಾಗಿತ್ತು. ತಳದಲ್ಲಿ ಕಡಲೆಹಿಟ್ಟಿನ ಕರಿ ಚೂರು. ಮೂಸಿದರೆ ಮಿರ್ಚಿ ಭಜಿ ವಾಸನೆ!

"ಡೀಸೆಲ್ ಭಾಳ ತುಟ್ಟಿ ಆಗ್ಯಾದ ಅಣ್ಣ. ಮೊಬೈಲ್‌ನ್ಯಾಗ ನೋಡಿ ಕರಿದ ಎಣ್ಣಿ ಸೋಸಿ ಹಾಕೀನಿ" ಅಂದ.

ಬೈಯಲು ಮನಸ್ಸಾಗಲಿಲ್ಲ. 1900ರ ಪ್ಯಾರಿಸ್ ಪ್ರದರ್ಶನದಲ್ಲಿ ಡೀಸೆಲ್ ಇಂಜಿನ್ ಒಂದು ಶೇಂಗಾ ಎಣ್ಣೆಯಲ್ಲೇ ಓಡಿತ್ತು. ಹುಡುಗ ಎಡವಿದ್ದು ಎಣ್ಣೆಯ ಮಂದದಲ್ಲಿ. ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು ಹತ್ತು ಪಟ್ಟು ಮಂದ. 70-80 ಡಿಗ್ರಿಗೆ ಕಾಯಿಸಿದರೆ, ಇಂಜಿನ್ ಒಳಗೆ ಇಂಧನ ಚಿಮ್ಮಿಸುವ ನಾಜಲ್‌ನಲ್ಲಿ ಒಂದಿಷ್ಟು ಸರಿಯಾಗಿ ಚಿಮ್ಮುತ್ತದೆ. ಅದಕ್ಕೇ ಗಾಡಿಗೆ ಎರಡು ಟ್ಯಾಂಕ್ ಇಡುತ್ತಾರೆ. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಕಾದ ಮೇಲೆ ಎಣ್ಣೆಗೆ ತಿರುಗಿಸಿ, ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್ ಹರಿಸಬೇಕು. ಹಳೇ ಇಂಜಿನ್‌ಗಳು ಹೇಗೋ ತಡೆದುಕೊಳ್ಳುತ್ತವೆ. ಭಾರೀ ಒತ್ತಡದಲ್ಲಿ ಇಂಧನ ಚಿಮ್ಮಿಸುವ ಈಗಿನ ಕಾಮನ್ ರೇಲ್ ಗಾಡಿಗಳಿಗೆ ಇದು ಆಗಿಬರೋದಿಲ್ಲ. ಅವನು ನಾಲ್ಕು ತಿಂಗಳು ಉಳಿಸಿದ್ದೆಲ್ಲ ಪಂಪ್ ರಿಪೇರಿಗೇ ಹೋಯಿತು.

ಅದೇ ಎಣ್ಣೆಗೆ ಮೆಥನಾಲ್, ಕಾಸ್ಟಿಕ್ ಸೋಡಾ ಸೇರಿಸಿ ಗ್ಲಿಸರಿನ್ ಬೇರೆ ಮಾಡಿದರೆ ಬಯೋಡೀಸೆಲ್ ಆಗುತ್ತದೆ. ತೆಳ್ಳಗಿರುತ್ತದೆ, ಡೀಸೆಲ್ ಜತೆ ಬೆರೆಯುತ್ತದೆ. ಮೆಥನಾಲ್ ವಿಷ, ಹಾಗಾಗಿ ಇದು ನನ್ನಂಥವನ ಗ್ಯಾರೇಜಿನಲ್ಲಿ ಮಾಡುವ ಕೆಲಸವಲ್ಲ. 2030ರ ಹೊತ್ತಿಗೆ ಡೀಸೆಲ್‌ಗೆ ಶೇ 5 ಬಯೋಡೀಸೆಲ್ ಬೆರೆಸುವ ಗುರಿ ಕೇಂದ್ರದ 2018ರ ನೀತಿಯಲ್ಲೇ ಇದೆ. ಕರಿದ ಎಣ್ಣೆ ಸಂಗ್ರಹಿಸಲು ಆಹಾರ ಸುರಕ್ಷತಾ ಪ್ರಾಧಿಕಾರ ಅದೇ ವರ್ಷ 'ರುಕೋ' ಯೋಜನೆಯನ್ನೂ ತಂದಿತು.

ಆದರೆ ದಿನಕ್ಕೆ 50 ಲೀಟರ್‌ಗಿಂತ ಜಾಸ್ತಿ ಎಣ್ಣೆ ಬಳಸುವವರು ಮಾತ್ರ ಅದರ ಲೆಕ್ಕ ಇಡಬೇಕು. ಸಂಜೆ ಸೂಪರ್ ಮಾರ್ಕೆಟ್ ಕಡೆ ಬಂದು ಭಜಿ ಬಂಡಿಗಳ ಮುಂದೆ ಸ್ವಲ್ಪ ನಿಲ್ಲಿ ಸರ್. ಒಂದು ಕಡಾಯಿಗೆ ಹಿಡಿಯೋದೇ ಐದಾರು ಲೀಟರ್. ಮತ್ತೆ ಮತ್ತೆ ಕಾಯಿಸಿದಾಗ ಎಣ್ಣೆ ಕೆಟ್ಟು ಹೆಚ್ಚುವ ಪೋಲಾರ್ ಅಂಶ ಶೇ 25 ದಾಟಿದ ಎಣ್ಣೆಯಲ್ಲಿ ಕರಿಯಬಾರದು ಎಂಬ ನಿಯಮ ಅವರಿಗೂ ಇದೆ. ಬಂಡಿಯವರು ಅದನ್ನು ಅಳೆಯೋದು ಯಾವುದರಲ್ಲಿ? ಕಪ್ಪಾದ ಎಣ್ಣೆ ನಾಳೆಗೆ ಮತ್ತೆ ಕಡಾಯಿಗೆ ಬೀಳುತ್ತದೆ. ಇಲ್ಲವೇ ಇನ್ನೊಂದು ಬಂಡಿಗೆ ಅಗ್ಗಕ್ಕೆ ಹೋಗುತ್ತದೆ. ಅದೂ ಇಲ್ಲವೆಂದರೆ ಚರಂಡಿ ಇದ್ದೇ ಇದೆ.

ನಾನು ಕೇಳೋದು ದೊಡ್ಡದೇನಲ್ಲ. ರಾತ್ರಿ ಬರುವ ಕಸದ ಗಾಡಿಯಲ್ಲಿ ಮುಚ್ಚಳ ಇರುವ ಒಂದು ಡ್ರಮ್ ಇಡಿಸಿ. ಬಂಡಿಯವರಿಗೆ ಲೀಟರ್ ಲೆಕ್ಕದಲ್ಲಿ ದುಡ್ಡು ಕೊಡಿಸಿ. ಸುಮ್ನೆ ಕೊಡಿ ಅಂದರೆ ಯಾರೂ ಕೊಡೋದಿಲ್ಲ. ಪಕ್ಕದ ಬಂಡಿಯವನು ಕೊಡುವುದಕ್ಕಿಂತ ಎರಡು ರೂಪಾಯಿ ಜಾಸ್ತಿಯೇ ಇರಬೇಕು. ಅನುಮತಿ ಇರುವ ಬಯೋಡೀಸೆಲ್ ಘಟಕಕ್ಕೆ ಆ ಎಣ್ಣೆ ಮಾರಿದರೆ ಆ ದುಡ್ಡಲ್ಲಿ ಸ್ವಲ್ಪವಾದರೂ ವಾಪಸ್ ಬರುತ್ತದೆ, ಅಲ್ವಾ?

ಆ ಹುಡುಗನ ಫಿಲ್ಟರ್ ಇನ್ನೂ ಎಸೆದಿಲ್ಲ, ಒಂದು ಡಬ್ಬಿಯಲ್ಲಿ ಇಟ್ಟಿದ್ದೇನೆ. ಹೇಳಿದರೆ ನಿಮ್ಮ ಆಫೀಸಿಗೇ ತರುತ್ತೇನೆ.

ಇಂತಿ,
ಕಲಬುರಗಿಯ ಒಬ್ಬ ಡೀಸೆಲ್ ಮೆಕ್ಯಾನಿಕ್